ಕನ್ನಡಿಯ ಕೆನ್ನೆಗೊಂದು ಬೊಟ್ಟು

ಬೊಟ್ಟು ಮೆಣಸಿನ ಕಾಳಿಗಿಂತ ದೊಡ್ಡದೇನೂ ಇರಲಿಲ್ಲ. ಆದರೆ ಶನಿವಾರ ಬೆಳಿಗ್ಗೆ ಏಳು ಗಂಟೆಗೆ ಟಾರ್ಚು ಹಿಡಿದು ಪೆಟ್ಟಿಗೆಯ ಮುಚ್ಚಳ ತೆಗೆದ ಬೀರೇಶನ ಕಣ್ಣಿಗೆ ಅದು ನೀರು ಕಾಯಿಸುವ ಹಂಡೆಯ ತಳದಷ್ಟು ಅಗಲವಾಗಿ, ಅಷ್ಟೇ ಕಪ್ಪಾಗಿ ಕಂಡಿತು.

ಬೇರೆ ಎಲ್ಲಿದ್ದರೂ ಅವನು ಸಹಿಸಿಕೊಳ್ಳುತ್ತಿದ್ದ. ಅದು ಇದ್ದದ್ದು ಕನ್ನಡಿಯ ಮೇಲೆ. ಅದೂ ಮುಖ ನೋಡಿಕೊಳ್ಳುವ ಕನ್ನಡಿಯಲ್ಲ. ಎಂಟು ತಿಂಗಳಿಂದ ಯಾರ ಬೆರಳೂ ತಗಲದಂತೆ, ತನ್ನ ಉಸಿರೂ ತಾಕದಂತೆ ಬಾಯಿಗೆ ಬಟ್ಟೆ ಕಟ್ಟಿಕೊಂಡು ಕಾಪಾಡಿಕೊಂಡು ಬಂದಿದ್ದ ಕನ್ನಡಿ. ಅದರ ಬಲಮೂಲೆಯಲ್ಲಿ, ಹಸುಗೂಸಿನ ಕೆನ್ನೆಗೆ ಇಟ್ಟಂತೆ, ದುಂಡಗೆ, ಮುದ್ದಾಗಿ ಒಂದು ದೃಷ್ಟಿಬೊಟ್ಟು.

ಬೀರೇಶ ಹೊಸೂರಿನ ಒಂದು ಚಿಕ್ಕ ವರ್ಕ್‌ಶಾಪಿನಲ್ಲಿ ಹನ್ನೊಂದು ವರ್ಷದಿಂದ ಡ್ರಾಯಿಂಗ್ ಬರೆಯುವವನು. ಹಗಲು ಕೆಲಸ, ಸಂಜೆ ಕ್ಲಾಸು ಎಂದು ನಾಲ್ಕು ವರ್ಷ ಓಡಾಡಿ ಡಿಪ್ಲೊಮಾ ಮುಗಿಸಿದವನು. ಮನೆಗೆ ಬೀಗ ಹಾಕಿದರೆ ಮೂರು ಸಲ ಎಳೆದು ನೋಡಿ, ನಾಲ್ಕನೇ ಸಲ ಬಸ್ ಸ್ಟಾಪಿನಿಂದ ವಾಪಸು ಬಂದು ಎಳೆದು ನೋಡುವ ಆಸಾಮಿ. ವರ್ಕ್‌ಶಾಪಿನ ಪ್ರತಿ ಡ್ರಾಯಿಂಗಿನ ಕೆಳಮೂಲೆಯಲ್ಲೂ ಮೂರು ಸಾಲಿನ ಒಂದು ಚೌಕ ಇರುತ್ತದೆ. ಡಿಸೈನ್ ಮಾಡಿದವರು, ಡ್ರಾಯಿಂಗ್ ಬರೆದವರು, ಒಪ್ಪಿದವರು. ಹನ್ನೊಂದು ವರ್ಷವೂ ಬೀರೇಶನ ಹೆಸರು ನಡುವಿನ ಸಾಲಿನಲ್ಲೇ ಇತ್ತು. ಮೇಲೂ ಕೆಳಗೂ ಮಾಲೀಕ ಮೂರ್ತಿಯ ಹೆಸರು, ಕಳ್ಳನ ಆಚೀಚೆ ಪೊಲೀಸರು ನಿಂತಂತೆ.

ಈ ಸಲದ ಕೆಲಸ ಮಾತ್ರ ಬೇರೆ. ಕೃಷ್ಣಗಿರಿಯ ಆಚೆ ಒಂದು ಬೆಟ್ಟದ ಮೇಲೆ ಕಾಲೇಜಿನವರು ದೂರದರ್ಶಕ ಇಟ್ಟಿದ್ದರು. ಅದರ ಬೆನ್ನಿಗೆ ಕಟ್ಟಲು ಅವರಿಗೊಂದು ಸ್ಪೆಕ್ಟ್ರೋಗ್ರಾಫ್ ಬೇಕಿತ್ತು. ನಕ್ಷತ್ರದ ಬೆಳಕನ್ನು ಕೂದಲೆಳೆಯಂಥ ಸೀಳಿನಿಂದ ಒಳಕ್ಕೆ ಬಿಟ್ಟುಕೊಂಡು, ಕನ್ನಡಿಯಿಂದ ತಿರುಗಿಸಿ, ಸಾವಿರಾರು ಗೆರೆ ಕೊರೆದ ಗಾಜಿನಿಂದ ಕಾಮನಬಿಲ್ಲಿನಂತೆ ಬಿಡಿಸಿ ಫೋಟೋ ತೆಗೆಯುವ ಪೆಟ್ಟಿಗೆ ಅದು. ಬಣ್ಣಗಳ ನಡುವೆ ಬೀಳುವ ಕಪ್ಪು ಗೆರೆಗಳನ್ನು ಓದಿದರೆ ಆ ನಕ್ಷತ್ರದಲ್ಲಿ ಕಬ್ಬಿಣ ಇದೆಯೋ ಸೋಡಿಯಂ ಇದೆಯೋ ಹೇಳಬಹುದು. ದೂರದರ್ಶಕ ವಾಲಿದಂತೆಲ್ಲ ಪೆಟ್ಟಿಗೆಯೂ ವಾಲುತ್ತದೆ, ಒಳಗಿನ ಸಾಮಾನು ಕೂದಲಷ್ಟೂ ಕದಲಬಾರದು. ಬ್ರೇಕಿನ ಬಿಡಿಭಾಗ ಮಾಡಿಕೊಂಡಿದ್ದ ಮೂರ್ತಿ ಆರ್ಡರು ಒಪ್ಪಿಕೊಂಡು ಬಂದು, ಕಾಗದವನ್ನು ಬೀರೇಶನ ಮೇಜಿನ ಮೇಲಿಟ್ಟು, ಕಾಫಿ ಕುಡಿಯಲು ಹೋಗಿಬಿಟ್ಟಿದ್ದ. ಯೋಚಿಸಿದ್ದು, ಲೆಕ್ಕ ಹಾಕಿದ್ದು, ಜೋಡಿಸಿದ್ದು ಎಲ್ಲ ಬೀರೇಶನೇ.

"ಇದು ಪಾಸಾಗ್ಲಿ ಬೀರೇಶ," ಎಂದಿದ್ದ ಮೂರ್ತಿ. "ಮೊದಲನೇ ಸಾಲು ಖಾಲಿ ಬಿಟ್ಟಿರ್ತೀನಿ. ಅವತ್ತೇ, ಅಲ್ಲೇ, ನನ್ನ ಪೆನ್ನಲ್ಲೇ ನಿನ್ನ ಹೆಸರು ಬರ್ಕೊ."

ವರ್ಕ್‌ಶಾಪಿನಲ್ಲಿ ಎಣ್ಣೆ, ಧೂಳು, ಸದ್ದು. ಹಾಗಾಗಿ ಜೋಡಿಸುವ ಕೆಲಸವನ್ನು ಬೀರೇಶ ಕೆಲಮಂಗಲದ ಹತ್ತಿರದ ತನ್ನ ಊರಿನಲ್ಲಿ, ಮನೆಯ ಹಿಂದಿನ ಹುಳುಮನೆಯಲ್ಲಿ ಇಟ್ಟುಕೊಂಡಿದ್ದ. ಅವನ ತಾಯಿ ಭದ್ರಮ್ಮ ನಲವತ್ತು ವರ್ಷ ರೇಷ್ಮೆಹುಳು ಸಾಕಿದ ಕೋಣೆ ಅದು. ಮಂಡಿನೋವು ಬಂದು ಹೋದ ವರ್ಷ ನಿಲ್ಲಿಸಿದ್ದಳು. ತಂಪು, ಕತ್ತಲೆ, ಕಿಟಕಿಗೆ ಬಲೆ, ಹಲ್ಲಿಗೆ ಜಾಗವಿಲ್ಲ, ಕಾಲು ತೊಳೆಯದೆ ಯಾರಿಗೂ ಪ್ರವೇಶವಿಲ್ಲ. ನಕ್ಷತ್ರದ ಪೆಟ್ಟಿಗೆಗೆ ಅದಕ್ಕಿಂತ ಒಳ್ಳೆಯ ಜಾಗ ಬೆಂಗಳೂರಿನಲ್ಲೂ ಸಿಗುತ್ತಿರಲಿಲ್ಲ.

ಒಂದೇ ಒಂದು ತೊಂದರೆ ಮೂರು ವಾರ ಕಾಡಿತ್ತು. ತೆಗೆದ ಚಿತ್ರದಲ್ಲೆಲ್ಲ ಹಸಿರು ಬಣ್ಣದ ನಟ್ಟನಡುವೆ ಒಂದು ಬಿಳಿ ಮಚ್ಚೆ. ದಾರಿ ತಪ್ಪಿದ ಬೆಳಕು ಎಲ್ಲೋ ಬಡಿದು ಒಳಕ್ಕೆ ಬರುತ್ತಿತ್ತು. ಬೀರೇಶ ಪೆಟ್ಟಿಗೆಯ ಒಳಗೋಡೆಗೆ ಕಪ್ಪು ಬಣ್ಣ ಬಳಿದ. ಮತ್ತೆ ಬಳಿದ. ಸೋಮವಾರ ಮೂರನೇ ಕೋಟು ಬಳಿದ. ಬುಧವಾರದ ಚಿತ್ರದಲ್ಲಿ ಮಚ್ಚೆ ಇರಲಿಲ್ಲ. ಆ ಮೂರನೇ ಕೋಟಿನ ಮಹಿಮೆಯನ್ನು ಅವನು ಹೆಂಡತಿ ವರಲಕ್ಷ್ಮಿಗೆ ಎರಡು ದಿನ ಹೇಳಿದ, ಅವಳು ಎದ್ದು ಹೋದ ಮೇಲೆ ಗೋಡೆಗೂ ಹೇಳಿದ.

ಇವತ್ತು ಮಧ್ಯಾಹ್ನ ಮೂರಕ್ಕೆ ಬೆಟ್ಟದಿಂದ ವಿಜ್ಞಾನಿ ರಮಾದೇವಿ ಮೇಡಂ ಬಂದು ನೋಡಿ ಒಪ್ಪುವುದಿತ್ತು. ಇವತ್ತೇ ಈ ಬೊಟ್ಟು.

"ಅಮ್ಮಾ!"

ಭದ್ರಮ್ಮ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. "ಏನ್ಲಾ, ಹಲ್ಲಿ ಬಂತಾ?"

"ಕನ್ನಡಿ ಮೇಲೆ ಕಪ್ಪು ಇಟ್ಟೋರು ಯಾರಮ್ಮ?"

"ಇನ್ಯಾರು ಇಡ್ತಾರೆ? ನಾನೇ ಕಣ್ಲಾ. ಊರೋರೆಲ್ಲ ಬೀರೇಶನ ಪೆಟ್ಟಿಗೆ, ಬೀರೇಶನ ಪೆಟ್ಟಿಗೆ ಅಂತ ಒಂದೇ ಸಮ ಮಾತಾಡ್ತಾವ್ರೆ. ಆ ಆವುಲಪ್ಪನ ಕಣ್ಣು ಬಿದ್ರೆ ತೆಂಗಿನ ಮರ ಒಣಗ್ತದೆ. ಅದ್ಕೇ ನಾನು, ನೀನು ಉಣ್ಣಾಕೆ ಹೋಗಿದ್ದಾಗ..."

"ಸಾಕಮ್ಮ, ಸಾಕು! ಯಾವಾಗ ಇಟ್ರೇನು, ಕೆಟ್ಟಿದ್ದು ಕೆಟ್ಟಂಗೇ."

"ಪೂರ್ತಿ ಕೇಳ್ಲಾ..."

ಅಷ್ಟರಲ್ಲಿ ಫೋನು ಹೊಡೆದುಕೊಂಡಿತು. ಮೂರ್ತಿ.

"ಎಲ್ಲಾ ರೆಡಿನಾ ಬೀರೇಶ? ಬುಧವಾರದ ಫೋಟೋ ನೋಡಿ ಮೇಡಂ ಬಾಳ ಖುಷಿಯಾಗವ್ರೆ. ಹಂಗೇ ಇರ್ಬೇಕು, ಚೂರೂ ಬದಲಾಗ್ಬಾರ್ದು."

"ರೆಡಿ ಸಾರ್," ಎಂದ ಬೀರೇಶ. ಅವನ ದನಿ ಪೈಪಿನೊಳಗೆ ಸಿಕ್ಕಿಕೊಂಡ ಕಪ್ಪೆಯದರಂತೆ ಬಂತು.

ಕಾಂಪೌಂಡಿನಾಚೆಯಿಂದ ಒಂದು ತಲೆ ಮೇಲೆದ್ದಿತು. ಪಕ್ಕದ ಮನೆಯ ಆವುಲಪ್ಪ. ಸರ್ಕಾರಿ ಬಸ್ಸಿನಲ್ಲಿ ಮೂವತ್ತು ವರ್ಷ ಕಂಡಕ್ಟರಾಗಿದ್ದು ರಿಟೈರಾದ ಮನುಷ್ಯ. ಈಗ ಬಸ್ಸಿಲ್ಲದಿದ್ದರೂ ಊರಿನ ಎಲ್ಲರ ವಿಷಯಕ್ಕೂ ಹತ್ತಿ ಇಳಿಯುತ್ತಿದ್ದ.

"ಎನ್ನಪ್ಪಾ ಬೀರೇಶ, ಎನ್ನಾಚು? ಕನ್ನಡಿಗೆ ಏನೋ ಆಯ್ತಂತೆ?"

"ಏನಿಲ್ಲ ಮಾವ. ಒಂದು ಚೂರು ಕಪ್ಪು."

"ಅಷ್ಟೇ ತಾನೇ! ನಮ್ಮ ಬಸ್ಸಿನ ಕನ್ನಡಿನ ನಾನು ಹುಣಸೆಹಣ್ಣು ಹಾಕಿ ತಿಕ್ಕಿದ್ರೆ ಧರ್ಮಪುರಿಗಂಟ ಹಿಂದಿನ ರೋಡೆಲ್ಲ ಕಾಣೋದು. ತಡಿ, ರೈಟ್ ರೈಟ್, ತಂದೆ!"

ಹತ್ತು ನಿಮಿಷದಲ್ಲಿ ಜಗಲಿಯ ಮೇಲೆ ಒಂದು ಕಿರಾಣಿ ಅಂಗಡಿಯೇ ನೆರೆಯಿತು. ಹುಣಸೆಹಣ್ಣು ಬಂತು, ಒಲೆಯ ಬೂದಿ ಬಂತು, ಅರ್ಧ ನಿಂಬೆಹಣ್ಣು ಬಂತು, ಸೀಮೆಎಣ್ಣೆಯಲ್ಲಿ ಅದ್ದಿದ ಹಳೇ ಪಂಚೆಯ ತುಂಡು ಬಂತು. ಹಸುವಿನ ಹಾಲು ಕರೆಯಲು ಬಂದವರು, ರಾಗಿ ಹಿಟ್ಟು ಬೀಸಲು ಹೊರಟವರು, ಎಲ್ಲರೂ ನಿಂತು ಒಂದೊಂದು ಮದ್ದು ಹೇಳಿದರು. ಬೀರೇಶ ಹುಳುಮನೆಯ ಬಾಗಿಲಿಗೆ ಅಡ್ಡವಾಗಿ ಕೈ ಚಾಚಿ ನಿಂತ.

"ಯಾರೂ ಮುಟ್ಟಬೇಡಿ! ಈ ಕನ್ನಡಿ ಹೊಳಪು ಗಾಜಿನ ಹಿಂದೆ ಇರಲ್ಲ, ಮುಂದೇನೇ ಇರ್ತದೆ. ಈರುಳ್ಳಿ ಸಿಪ್ಪೆಗಿಂತ ತೆಳು. ತಿಕ್ಕಿದ್ರೆ ಬೊಟ್ಟಿನ ಜೊತೆ ಹೊಳಪೂ ಎದ್ದು ಬತ್ತದೆ."

"ಹೊಳಪನ್ನ ಮುಂದೆ ಬಳಿದೋನು ಯಾವನಪ್ಪ ಬುದ್ಧಿವಂತ?" ಎಂದ ಆವುಲಪ್ಪ. ಎಲ್ಲರೂ ಬೀರೇಶನನ್ನೇ ನೋಡಿದರು.

ಅಸಿಟೋನಿನಲ್ಲಿ ಅದ್ದಿದ ಹತ್ತಿಯಿಂದ, ಭಾರ ಬಿಡದೆ, ಒಂದೇ ದಿಕ್ಕಿಗೆ ಉರುಳಿಸುತ್ತ ತೆಗೆಯಬೇಕು ಎಂದು ಅವನು ಓದಿದ್ದ. ಅಸಿಟೋನ್ ಡಬ್ಬಿ ಹೊಸೂರಿನ ವರ್ಕ್‌ಶಾಪಿನಲ್ಲಿತ್ತು, ಬೀರುವಿನ ಕೀಲಿ ಮೂರ್ತಿಯ ಜೇಬಿನಲ್ಲಿತ್ತು. ಕೇಳಿದರೆ ಯಾಕೆ ಎನ್ನುತ್ತಾನೆ. ಕೆಲಮಂಗಲದಲ್ಲಿ ಸಿಕ್ಕೀತು ಎಂದು ಬೀರೇಶ ಮೊಪೆಡ್ ತೆಗೆದ. ಅವನು ಕಿಕ್ ಹೊಡೆಯುವಷ್ಟರಲ್ಲಿ ಹಿಂದಿನ ಸೀಟು ಕುಸಿಯಿತು. ಆವುಲಪ್ಪ ಕುಳಿತಾಗಿತ್ತು.

"ನೀನು ಟೆನ್ಷನ್ನಲ್ಲಿದೀಯ. ಒಬ್ಬನ್ನೇ ಬಿಡಬಾರ್ದು. ರೈಟ್, ಪೋಲಾಮ್, ಹೊರಡು!"

ಕೆಲಮಂಗಲದ ಮೆಡಿಕಲ್ ಅಂಗಡಿಯಲ್ಲಿ ಹತ್ತಿ ಸಿಕ್ಕಿತು. ಅಸಿಟೋನ್ ಇಲ್ಲ. "ಉಗುರಿನ ಬಣ್ಣ ತೆಗೆಯೋದರಲ್ಲಿ ಇರ್ತದೆ ನೋಡಿ," ಎಂದು ಎದುರಿನ ಫ್ಯಾನ್ಸಿ ಸ್ಟೋರ್ ತೋರಿಸಿದರು. ಆವುಲಪ್ಪನನ್ನು ಟೀ ಅಂಗಡಿಯಲ್ಲಿ ಕೂರಿಸಿ ಬೀರೇಶ ಅಂಗಡಿಗೆ ಹೋದ. ಅಂಗಡಿಯ ತಿಮ್ಮರಾಜು ವರಲಕ್ಷ್ಮಿಗೆ ದೂರದ ತಮ್ಮನಾಗಬೇಕು.

"ಬಾ ಬಾವ, ಅಪರೂಪ! ಏನ್ ಬೇಕು?"

"ಉಗುರಿನ ಬಣ್ಣ ತೆಗೆಯೋದು."

ತಿಮ್ಮರಾಜುವಿನ ಹುಬ್ಬು ಮೇಲೇರಿತು. "ಅಕ್ಕ ಉಗುರಿಗೆ ಬಣ್ಣನೇ ಹಚ್ಚಲ್ವಲ್ಲ?"

"ಅವಳಿಗಲ್ಲ."

ಹುಬ್ಬು ಇನ್ನೂ ಮೇಲೇರಿ ಕೂದಲಿನೊಳಗೆ ಮರೆಯಾಯಿತು. "ಮತ್ತೆ?"

"ಕನ್ನಡಿಗೆ."

"ಸರಿ ಬಾವ," ಎಂದು ತಿಮ್ಮರಾಜು ಒಂದು ಗುಲಾಬಿ ಬಣ್ಣದ ಸೀಸೆ ಇಟ್ಟ. ಬೀರೇಶ ಜೇಬಿನಿಂದ ಭೂತಗನ್ನಡಿ ತೆಗೆದು ಅದರ ಮೇಲಿನ ಸಣ್ಣ ಅಕ್ಷರವನ್ನೆಲ್ಲ ಓದಿದ. ಪರಿಮಳ, ಬಣ್ಣ, ಎಣ್ಣೆ, ವಿಟಮಿನ್. ಕನ್ನಡಿಗೆ ವಿಟಮಿನ್ ಬೇಕಿರಲಿಲ್ಲ.

"ಬಣ್ಣ, ವಾಸನೆ ಏನೂ ಇಲ್ಲದ್ದು ಇಲ್ವಾ?"

"ಹಿಂದೆ ಬ್ಯೂಟಿಪಾರ್ಲರಲ್ಲಿ ನಮ್ಮೋಳ ಹತ್ರ ಐತೆ. ಹೋಗಿ ಕೇಳು," ಎಂದವನೇ ತಿಮ್ಮರಾಜು ಫೋನು ಎತ್ತಿಕೊಂಡ. ಯಾರಿಗೆ ಎಂದು ಬೀರೇಶ ಯೋಚಿಸಬೇಕಿತ್ತು. ಯೋಚಿಸಲಿಲ್ಲ.

ಪಾರ್ಲರಿನ ಬಾಗಿಲಿಗೆ ಗಂಡಸರಿಗೆ ಪ್ರವೇಶವಿಲ್ಲ ಎಂದು ತಮಿಳಿನಲ್ಲಿ ಬೋರ್ಡಿತ್ತು. ಬೀರೇಶ ಅದನ್ನು ಎರಡು ಸಲ ಓದಿದ, ಗಡಿಯಾರ ನೋಡಿದ, ಹನ್ನೊಂದೂಕಾಲು. ಕಣ್ಣು ಮುಚ್ಚಿಕೊಂಡು ಒಳಗೆ ಹೆಜ್ಜೆ ಇಟ್ಟ. ಕಣ್ಣು ಮುಚ್ಚಿಕೊಂಡಿದ್ದರಿಂದಲೇ ಕುರ್ಚಿಗೆ ಎಡವಿದ. ಕುರ್ಚಿಯಲ್ಲಿ ಮುಖದ ತುಂಬ ಹಸಿರು ಲೇಪ ಮೆತ್ತಿಕೊಂಡು, ಕಣ್ಣ ಮೇಲೆ ಸೌತೆಕಾಯಿ ಬಿಲ್ಲೆ ಇಟ್ಟುಕೊಂಡು ಮಲಗಿದ್ದ ಹೆಂಗಸು ಕಿಟಾರನೆ ಕಿರುಚಿದಳು. ಅವಳನ್ನು ಕಂಡು ಬೀರೇಶನೂ ಕಿರುಚಿದ.

ಸೌತೆಕಾಯಿ ಬಿದ್ದ ಮೇಲೆ ಗುರುತು ಸಿಕ್ಕಿತು. ಆವುಲಪ್ಪನ ಹೆಂಡತಿ ಶ್ಯಾಮಲಮ್ಮ.

"ಅತ್ತೆ, ನೀವಾ?"

"ಮುಚ್ಲಾ ಬಾಯಿ! ತಂಗಿ ಮನೆಗೆ ಹೋಗ್ತೀನಿ ಅಂತ ಹೇಳಿ ಬಂದಿವ್ನಿ. ನಾನಿಲ್ಲಿದ್ದೆ ಅಂತ ನಮ್ಮನೆಯೋರ ಕಿವಿಗೇನಾದ್ರೂ ಬಿದ್ರೆ, ನಿನ್ನ ಪೆಟ್ಟಿಗೆ ಮೇಲೆ ರುಬ್ಬೋಗುಂಡು ಎತ್ತಾಕ್ತೀನಿ."

"ದೇವರಾಣೆ ಹೇಳಲ್ಲ ಅತ್ತೆ."

ತಿಮ್ಮರಾಜುವಿನ ಹೆಂಡತಿ ನಗು ತಡೆಯಲಾರದೆ ಒಂದು ಬಿಳಿ ಸೀಸೆ ಕೊಟ್ಟಳು. ಬರೀ ಅಸಿಟೋನ್, ನೀರಿನಂತೆ ತಿಳಿ. ಬೀರೇಶ ಸೀಸೆಯನ್ನು ಎದೆಗವಚಿಕೊಂಡು ಹೊರಗೆ ಬಂದರೆ ಎದುರಿಗೇ ಆವುಲಪ್ಪ, ಕೈಯಲ್ಲಿ ಟೀ ಲೋಟ.

"ಲೇ ಬೀರೇಶ, ಒಳಗೆ ಯಾರೋ ಹೆಂಗಸು ಕಿರುಚಿದಂಗಾಯ್ತು?"

"ಯಾರೂ ಇಲ್ಲ ಮಾವ."

"ಗಂಡಸ್ರು ಹೋಗಬಾರದ ಕಡೆ ಹೋಗಿದೀಯ. ಯಾರೂ ಇಲ್ಲದ ಕಡೆ ಕಿರುಚಿದ್ಯಾರು?"

"ನಾನೇ ಮಾವ."

ಅದು ಅರ್ಧ ನಿಜವೇ ಆಗಿತ್ತು. ಆದರೂ ವಾಪಸು ಬರುವ ದಾರಿಯುದ್ದಕ್ಕೂ ಆವುಲಪ್ಪ ಹಿಂದಿನ ಸೀಟಿನಿಂದ ಅವನ ಕಿವಿಯೊಳಗೆ ಸಂಸಾರಸ್ಥರು ಹೇಗಿರಬೇಕು ಎಂದು ಹೇಳುತ್ತ ಬಂದ. "ನನ್ನ ನೋಡು. ಮೂವತ್ತು ವರ್ಷ ಲೈನಲ್ಲಿ ಓಡಾಡಿದೀನಿ. ನಾನು ಏನ್ ಮಾಡ್ತಾವ್ನಿ ಅಂತ ನಮ್ಮೋಳಿಗೆ ಗೊತ್ತು, ಅವಳು ಏನ್ ಮಾಡ್ತಾವ್ಳೆ ಅಂತ ನನಗೆ ಗೊತ್ತು. ಸಂಸಾರ ಅಂದ್ರೆ ಅದು." ಬೀರೇಶ ಮೊಪೆಡ್ಡಿನ ಹಾರ್ನು ಒತ್ತಿ ಹಿಡಿದ.

ಮನೆಯ ಬಾಗಿಲಲ್ಲಿ ವರಲಕ್ಷ್ಮಿ ನಿಂತಿದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿತ್ತು.

"ಎಲ್ರೀ ಅವಳು?"

"ಯಾರು?"

"ಉಗುರಿಗೆ ಬಣ್ಣ ಹಚ್ಚೋಳು. ತಿಮ್ಮರಾಜು ಎಲ್ಲಾ ಹೇಳ್ದ. ನನ್ನ ಉಗುರು ಸಗಣಿ ಬಾಚಿ ಬಾಚಿ ಸವೆದೋಗವೆ, ನಿಮಗೆ ಬಣ್ಣದ ಉಗುರು ಬೇಕಾ?"

"ಕನ್ನಡಿ ಒರೆಸೋಕೆ ಕಣೆ!"

"ಪಾರ್ಲರಲ್ಲಿ ಕಿರುಚಿದ್ದು ಕನ್ನಡಿನಾ?"

ಬೀರೇಶ ಬಾಯಿ ತೆರೆದ. ಶ್ಯಾಮಲಮ್ಮನ ರುಬ್ಬುಗುಂಡು ಕಣ್ಣ ಮುಂದೆ ಬಂತು. ಬಾಯಿ ಮುಚ್ಚಿದ. ಕಾಲು ತೊಳೆದುಕೊಂಡು, ಬಾಯಿಗೆ ಬಟ್ಟೆ ಕಟ್ಟಿಕೊಂಡು ಹುಳುಮನೆ ಸೇರಿದ. ಹನ್ನೆರಡೂವರೆ.

ಅಲ್ಲಿಂದ ಎರಡು ಗಂಟೆ ಕಾಲ ಬೀರೇಶ ಉಸಿರಾಡಿದ್ದು ಅನುಮಾನ. ಹತ್ತಿಯನ್ನು ಕಡ್ಡಿಗೆ ಸುತ್ತುವುದು, ಅದ್ದುವುದು, ಒಂದು ಸಲ ಉರುಳಿಸುವುದು, ಎಸೆಯುವುದು. ಹರಳೆಣ್ಣೆ ದೀಪದಲ್ಲಿ ಹಿಡಿದ ಕಪ್ಪು ಸುಲಭಕ್ಕೆ ಬಿಡುವಂಥದ್ದಲ್ಲ. ಒಂದು ಕಡ್ಡಿಗೆ ಒಂದು ಎಳೆಯಷ್ಟು ಹೋಗುತ್ತಿತ್ತು. ಬಲೆಯ ಆಚೆ ಕಿಟಕಿಯಲ್ಲಿ ಅರ್ಧ ಊರು ನಿಂತಿತ್ತು. "ಸ್ವಲ್ಪ ಎಡಕ್ಕೆ, ಎಡಕ್ಕೆ, ಹೋಲ್ಡಾನ್!" ಎಂದು ಆವುಲಪ್ಪ ಬಸ್ಸು ರಿವರ್ಸ್ ತೆಗೆಸುವಂತೆ ಕೂಗುತ್ತಿದ್ದ.

ಭದ್ರಮ್ಮ ಬಾಗಿಲಲ್ಲಿ ಕೂತು ಸೆರಗಿನಿಂದ ಮೂಗು ಒರೆಸಿಕೊಂಡಳು. "ಕೂಸಿನ ಕೆನ್ನೆ ಬೊಟ್ಟು ಒರೆಸಿದಂಗೆ ಒರೆಸ್ತಾವ್ನೆ. ಲೋ, ನಾನು ಸುಮ್ಮಸುಮ್ಮನೆ ಅಲ್ಲಿ ಇಟ್ಟಿಲ್ಲ ಕಣ್ಲಾ..."

"ಅಮ್ಮ, ಇದು ಕೂಸಲ್ಲ. ವಿಜ್ಞಾನ. ದಯವಿಟ್ಟು ಮಾತಾಡಿಸಬೇಡ, ಕಡ್ಡಿ ಜಾರ್ತದೆ."

ಕಿಟಕಿಯ ಗುಂಪಿಗೆ ಹೊಸದಾಗಿ ಶ್ಯಾಮಲಮ್ಮ ಬಂದು ಸೇರಿದಳು. ಮುಖ ಹೊಸ ಸ್ಟೀಲ್ ತಟ್ಟೆಯಂತೆ ಫಳಫಳ ಹೊಳೆಯುತ್ತಿತ್ತು. ವರಲಕ್ಷ್ಮಿ ಅವಳನ್ನು ಒಂದು ಸಲ ನೋಡಿದಳು. ಕಿವಿಯ ಹಿಂದೆ ಉಳಿದಿದ್ದ ಒಂದು ಹಸಿರು ಚೂರನ್ನು ಇನ್ನೊಂದು ಸಲ ನೋಡಿದಳು.

"ಶ್ಯಾಮಲಕ್ಕ, ತಂಗಿ ಮನೆಗೆ ಹೋಗಿದ್ರಾ?"

"ಹೂಂ ಕಣೆ."

"ಕೆಲಮಂಗಲದ ತಂಗಿನಾ?"

ಶ್ಯಾಮಲಮ್ಮ ಕೆಮ್ಮಿದಳು. ವರಲಕ್ಷ್ಮಿ ಸೊಂಟದ ಸೆರಗು ಬಿಚ್ಚಿ, ಒಳಗೆ ಹೋಗಿ, ಗಂಡನಿಗೆ ಒಂದು ಲೋಟ ಮಜ್ಜಿಗೆ ತಂದು ಬಾಗಿಲ ಬಳಿ ಇಟ್ಟಳು. ಆ ಇಡೀ ದಿನ ಬೀರೇಶನಿಗೆ ಸಿಕ್ಕ ಒಂದೇ ಒಳ್ಳೆಯ ವಸ್ತು ಅದು. ಕುಡಿಯಲು ಪುರುಸೊತ್ತಿರಲಿಲ್ಲ.

ಎರಡೂವರೆಗೆ ಇನ್ನೂ ಒಂದು ಸಾಸಿವೆಯಷ್ಟು ಉಳಿದಿತ್ತು. ಆಗ ಮೂರ್ತಿಯ ಫೋನು. "ಮೇಡಂನ ಕರ್ಕೊಂಡು ಬತ್ತಾ ಇದೀನಿ. ಸಾನಮಾವು ಹತ್ರ ಆನೆ ರೋಡಿಗೆ ಬಂದವೆ ಅಂತ ಗಾಡಿ ನಿಲ್ಸವ್ರೆ. ಅರ್ಧ ಗಂಟೆ ಲೇಟು."

"ನಿಧಾನವಾಗಿ ಬನ್ನಿ ಸಾರ್," ಎಂದ ಬೀರೇಶ ಮನಸ್ಸಿನಲ್ಲೇ ಆನೆಗಳಿಗೆ ಕೈ ಮುಗಿದ. ಇನ್ನೊಂದು ಸ್ವಲ್ಪ ನಿಲ್ಲಿ ತಾಯಿ, ಮರಿಗಳಿದ್ದರೆ ಅವೂ ಬರಲಿ.

ಮೂರೂ ಹತ್ತಕ್ಕೆ ಕೊನೆಯ ಚುಕ್ಕೆ ಹೋಯಿತು. ಐವತ್ತೇಳು ಕಡ್ಡಿ. ಕನ್ನಡಿಯ ಮೇಲೆ ಗೀರಿಲ್ಲ, ಕಲೆಯಿಲ್ಲ, ಹೊಳಪು ಹೊಳಪಿನಂತೆಯೇ ಇತ್ತು. ಬೀರೇಶ ಮುಚ್ಚಳ ಹಾಕಿ ತಿರುಪು ಬಿಗಿದು, ಪ್ರತಿಯೊಂದನ್ನೂ ಮೂರು ಸಲ ಮುಟ್ಟಿ ನೋಡಿ, ನೆಲದ ಮೇಲೆ ಕೂತು ಬಾಯಿಯ ಬಟ್ಟೆ ಬಿಚ್ಚಿದ. ಕಿಟಕಿಯಲ್ಲಿ ಚಪ್ಪಾಳೆ ಬಿತ್ತು. ಆವುಲಪ್ಪ ಎಲ್ಲರ ಕೈಕುಲುಕಿದ, ಒರೆಸಿದವನು ತಾನೇ ಎಂಬಂತೆ.

ಕಾರು ಬಂದಿತು. ರಮಾದೇವಿ ಮೇಡಂ ಐವತ್ತರ ಆಸುಪಾಸಿನ, ಕಡಿಮೆ ಮಾತಿನ ಹೆಂಗಸು. ಹೇಳಿಸಿಕೊಳ್ಳದೆ ತಾವೇ ಕಾಲು ತೊಳೆದು ಒಳಗೆ ಬಂದಾಗ ಭದ್ರಮ್ಮ ಮೆಚ್ಚಿ ತಲೆದೂಗಿದಳು. ಮೂರ್ತಿಯ ಕಂಕುಳಲ್ಲಿ ಡ್ರಾಯಿಂಗಿನ ಸುರುಳಿ ಇತ್ತು. ಅದನ್ನು ಮೇಜಿನ ಮೇಲೆ ಹರಡಿದ. ಚೌಕದ ಮೊದಲನೇ ಸಾಲು ಹೇಳಿದಂತೆಯೇ ಖಾಲಿ. ಪಕ್ಕದಲ್ಲಿ ಮೂರ್ತಿಯ ಪೆನ್ನು, ಟೋಪಿ ತೆಗೆದು ಸಿದ್ಧವಾಗಿ ಮಲಗಿತ್ತು. ಬೀರೇಶ ಅದನ್ನು ನೋಡದಂತೆ ನೋಡಿದ.

ಸೂರ್ಯನೂ ಒಂದು ನಕ್ಷತ್ರವೇ ಆದ್ದರಿಂದ ಹಗಲಿನ ಪರೀಕ್ಷೆಗೆ ಅವನೇ ಸಾಕು. ಕಿಟಕಿಯ ಹೊರಗಿಟ್ಟ ಸಣ್ಣ ಕನ್ನಡಿಯಿಂದ ಬಿಸಿಲನ್ನು ಸೀಳಿಗೆ ಬಿಟ್ಟರು. ಲ್ಯಾಪ್‌ಟಾಪಿನಲ್ಲಿ ಕೆಂಪಿನಿಂದ ನೀಲಿಯವರೆಗೆ ಬಣ್ಣದ ಪಟ್ಟಿ ಬಿಚ್ಚಿಕೊಂಡಿತು. ಅದರ ಮೇಲೆ ಸಣ್ಣ ಸಣ್ಣ ಕಪ್ಪು ಗೆರೆಗಳು, ಒಳ್ಳೆಯ ಇಳಕಲ್ ಸೀರೆಯ ಅಂಚಿನಂತೆ. ಹಸಿರಿನ ನಟ್ಟನಡುವೆ ಬಿಳಿ ಮಚ್ಚೆ.

ಬೀರೇಶ ಕಣ್ಣುಜ್ಜಿಕೊಂಡ. ಮಚ್ಚೆ ಹೋಗಲಿಲ್ಲ.

"ಬುಧವಾರದ ಚಿತ್ರದಲ್ಲಿ ಇದು ಇರಲಿಲ್ಲ," ಎಂದರು ಮೇಡಂ. "ಆಮೇಲೆ ಏನು ಬದಲಾಯಿಸಿದ್ರಿ?"

"ಏನೂ ಇಲ್ಲ ಮೇಡಂ. ಇವತ್ತು ಕನ್ನಡಿ ಮಾತ್ರ ಒರೆಸಿದೆ. ಒಂದು ಕಪ್ಪು ಕಲೆ... ನಿನ್ನೆ ಮೊನ್ನೆ ಆದದ್ದು."

"ನಿನ್ನೆ ಮೊನ್ನೆ ಅಲ್ಲ ಕಣ್ಲಾ," ಎಂದಳು ಬಾಗಿಲಿಂದ ಭದ್ರಮ್ಮ. ಬೆಳಗಿನಿಂದ ಅರ್ಧಕ್ಕೇ ನಿಂತಿದ್ದ ಮಾತು ಈಗ ಪೂರ್ತಿ ಹೊರಗೆ ಬಂತು. "ಮಂಗಳವಾರ ಇಟ್ಟಿದ್ದು. ನೀನು ಬಿಸಿಲು ಬಿಟ್ಕೊಂಡು, ಮುಚ್ಚಳ ತೆಗೆದಿಟ್ಟು, ಹಂಗೇ ಉಣ್ಣಾಕೆ ಹೋದೆ. ಬಗ್ಗಿ ನೋಡ್ದೆ. ಎಲ್ಲಾ ಕಡೆ ಕತ್ಲು, ಆ ಒಂದು ಮೂಲೆ ಮಾತ್ರ ಬೇಡದ ಹೊಳಪು ಹೊಳೀತಿತ್ತು. ಹುಳುಮನೇಲಿ ಹಂಗೆ ಎಲ್ಲಿಂದಾದ್ರೂ ಹೊಳಪು ಬಂದ್ರೆ ಹುಳು ಎಲ್ಲಾ ಸರಿದು ಒಂದು ಕಡೆ ಗುಡ್ಡೆ ಆಗ್ತವೆ. ನಲವತ್ತು ವರ್ಷ ನಾನು ಮಾಡಿದ್ದೇ ಆ ಹೊಳಪು ಹುಡುಕಿ ಮುಚ್ಚೋದು. ಹೆಂಗೂ ದೃಷ್ಟಿಗೆ ಒಂದು ಬೊಟ್ಟು ಇಡ್ಬೇಕಿತ್ತು. ಆ ಮೂಲೆಗೇ ಇಟ್ಟೆ. ಎರಡು ಕೆಲ್ಸ ಆಯ್ತು."

ಮೂರನೇ ಕೋಟು ಬೀರೇಶನ ಮನಸ್ಸಿನಿಂದ ಸದ್ದಿಲ್ಲದೆ ಕಳಚಿ ಬಿತ್ತು.

ಮೇಡಂ ಮುಚ್ಚಳ ತೆಗೆಸಿದರು. ಭದ್ರಮ್ಮನ ಪಕ್ಕ ಬಗ್ಗಿದರು. "ಯಾವ ಮೂಲೆ ಅಮ್ಮ?"

"ಅಗೋ ಅಲ್ಲಿ. ಈಗಲೂ ಹೊಳೀತಾ ಐತೆ. ಕಾಣಲ್ವಾ?"

ಮೇಡಂ ಬಹಳ ಹೊತ್ತು ನೋಡಿದರು. ಆಮೇಲೆ ನಿಧಾನಕ್ಕೆ, "ಕಾಣ್ತಿದೆ," ಎಂದರು. "ಮತ್ತೆ ಇಡ್ತೀರಾ?"

"ಅವನು ಕೇಳಲಿ. ಒರೆಸಿದೋನು ಅವನು."

"ಅಮ್ಮ, ಇಡಮ್ಮ," ಎಂದ ಬೀರೇಶ.

"ವಿಜ್ಞಾನ ಅಂದೆ?"

"ಕೂಸೇ ಅಮ್ಮ. ಇಡು."

"ಎಲ್ರೂ ಆ ಕಡೆ ತಿರುಗಿ. ನೋಡ್ತಾ ಇದ್ರೆ ಇಡಾಕಿಲ್ಲ."

ವಿಜ್ಞಾನಿ, ಮಾಲೀಕ, ಬೀರೇಶ ಮೂವರೂ ಗೋಡೆಗೆ ಮುಖ ಮಾಡಿ ನಿಂತರು. ಕಿಟಕಿಯ ಆಚೆ ಆವುಲಪ್ಪನ ತಲೆಯನ್ನು ಶ್ಯಾಮಲಮ್ಮ ಹಿಡಿದು ತಿರುಗಿಸಿದಳು. ಭದ್ರಮ್ಮ ಕಪ್ಪಿನ ಬಟ್ಟಲು ತಂದು, ಉಂಗುರದ ಬೆರಳಿನಿಂದ, ಗಾಜಿಗೆ ನೋವಾಗದಂತೆ ಒಂದು ಬೊಟ್ಟು ಇಟ್ಟಳು.

ಮತ್ತೆ ಚಿತ್ರ ತೆಗೆದರು. ಮಚ್ಚೆ ಇರಲಿಲ್ಲ. ಹಸಿರು, ಎಳೆ ರಾಗಿ ಪೈರಿನಂತೆ ಒಂದೇ ಸಮ ಹಸಿರಾಗಿತ್ತು.

ಮೇಡಂ ಮೊದಲ ಸಲ ನಕ್ಕರು. ಬೊಟ್ಟಿನ ಅಗಲ ಅಳೆದರು. ನಾಲ್ಕೂವರೆ ಮಿಲಿಮೀಟರು. ಅಂಚಿನಿಂದ ಏಳು. "ಪಾಸು," ಎಂದರು. "ಇನ್ನೂ ಐದು ಪೆಟ್ಟಿಗೆ ಬೇಕು ಮೂರ್ತಿ ಅವರೇ, ಬೇರೆ ಬೇರೆ ಕಾಲೇಜುಗಳಿಗೆ. ಇಂಥದ್ದೇ, ಬೊಟ್ಟಿನ ಸಮೇತ. ಈ ಕಪ್ಪು ಏನಮ್ಮ?"

"ಹರಳೆಣ್ಣೆ ದೀಪದ ಮಸಿ. ಬರೀ ಶುಕ್ರವಾರ ಹಿಡೀಬೇಕು."

ಮೇಡಂ ಅದನ್ನೂ ಬರೆದುಕೊಂಡರು, ಶುಕ್ರವಾರದ ಸಮೇತ.

ಮೂರ್ತಿ ಪೆನ್ನನ್ನು ಬೀರೇಶನ ಕೈಗೆ ಕೊಟ್ಟ. "ಬರಿ ಬೀರೇಶ. ಹೇಳಿದ್ದೆನಲ್ಲ."

ಪೆನ್ನು ಕಾಗದದ ಮೇಲೆ ಬಂದು ನಿಂತಿತು. ಎಂಟು ತಿಂಗಳು, ಒಂದೊಂದು ತಿರುಪಿನ ಲೆಕ್ಕ, ಎಲ್ಲವೂ ಆ ಖಾಲಿ ಸಾಲಿನ ಮುಂದೆ ನಿಂತವು. ಜೊತೆಗೆ ಐವತ್ತೇಳು ಕಡ್ಡಿಗಳೂ ನಿಂತವು. ಕೆಲಸ ನನ್ನದೇ, ಆದರೆ ಮಚ್ಚೆ ಹೋಗಿದ್ದು ನನ್ನಿಂದಲ್ಲವಲ್ಲ ಎಂದುಕೊಂಡ ಬೀರೇಶ. ಇಂಥ ಹೊತ್ತಿನಲ್ಲಿ ದೊಡ್ಡವರ ಹೆಸರು ಒಂದು ಮಾತಿಗಾದರೂ ಎತ್ತುವುದು ಮರ್ಯಾದೆ. ಎತ್ತಿದರೆ ಎಲ್ಲರೂ ಛೆ ಛೆ, ನಿನ್ನದೇ ಬರಿ ಎನ್ನುತ್ತಾರೆ. ಆಮೇಲೆ ಮನಸ್ಸಿಗೂ ಸಮಾಧಾನ.

"ನ್ಯಾಯವಾಗಿ ಅಮ್ಮನ ಹೆಸರೇ ಬರೀಬೇಕು," ಎಂದು ಹೇಳಿ ಬೀರೇಶ ಕಾದ.

ಯಾರೂ ಛೆ ಛೆ ಎನ್ನಲಿಲ್ಲ.

"ಎಂಥಾ ದೊಡ್ಡ ಮನಸ್ಸು!" ಎಂದರು ಮೇಡಂ.

"ಮಗ ಅಂದ್ರೆ ಹಿಂಗಿರ್ಬೇಕು," ಎಂದ ಮೂರ್ತಿ ಕಣ್ಣೊರೆಸಿಕೊಂಡು.

"ಸೂಪರ್‌ಪ್ಪಾ!" ಎಂದ ಕಿಟಕಿಯಿಂದ ಆವುಲಪ್ಪ.

ಬೀರೇಶ ಕೊನೆಯ ಆಸೆಯಿಂದ ತಾಯಿಯ ಕಡೆ ನೋಡಿದ.

"ಬರಿ ಮತ್ತೆ," ಎಂದಳು ಭದ್ರಮ್ಮ. "ದುಂಡಗೆ ಬರಿ."

ದುಂಡಗೆ ಬರೆದ. ಡಿಸೈನ್ ಮಾಡಿದವರು: ಭದ್ರಮ್ಮ. ಅದರ ಕೆಳಗಿನ ಸಾಲಿನಲ್ಲಿ, ಡ್ರಾಯಿಂಗ್ ಬರೆದವರ ಮುಂದೆ, ಅವನ ಹೆಸರು ಮೊದಲೇ ಅಚ್ಚಾಗಿತ್ತು.

"ನನ್ನ ಹೆಸರು ಎಲ್ಲೈತ್ಲಾ?" ಎಂದು ಭದ್ರಮ್ಮ ಬಗ್ಗಿದಳು. ಬೀರೇಶ ತೋರಿಸಿದ. ಅವಳು ಅದನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಕಿಟಕಿಯಲ್ಲಿ ನೆರೆದ ಕಣ್ಣುಗಳನ್ನು ನೋಡಿದಳು. ಬಟ್ಟಲಿಗೆ ಬೆರಳು ಅದ್ದಿ, ತನ್ನ ಹೆಸರಿನ ಪಕ್ಕ ಒಂದು ಕಪ್ಪು ಬೊಟ್ಟು ಒತ್ತಿದಳು.

ಎಂಟು ತಿಂಗಳು ಒಂದು ಗೆರೆಯೂ ಮಾಸದಂತೆ ಕಾಪಾಡಿದ ಡ್ರಾಯಿಂಗು. ಬೀರೇಶನ ಕೈ ತಾನಾಗಿಯೇ ಹತ್ತಿಯ ಕಡೆ ಹೋಯಿತು.

"ಬೇಡ!" ಎಂದರು ರಮಾದೇವಿ, ಮೂರ್ತಿ, ವರಲಕ್ಷ್ಮಿ, ಆವುಲಪ್ಪ ಎಲ್ಲರೂ ಒಟ್ಟಿಗೆ.

ಬೀರೇಶ ಹತ್ತಿ ಕೆಳಗಿಟ್ಟು, ಬಾಗಿಲ ಬಳಿ ಬೆಚ್ಚಗಾಗಿ ಕೂತಿದ್ದ ಮಜ್ಜಿಗೆ ಕುಡಿದ.